ಪೀಠವೇರಿದ ಮೊದಲ ಮಹಿಳೆ: ಮಾತೆ ಮಹಾದೇವಿ



ಸುಳ್ಯ, ಪುತ್ತೂರು ಕಡೆಯ ಹಿರಿಯರನ್ನು ಕೇಳಿದರೆ ಅವರು ‘ಕಲ್ಯಾಣಪ್ಪನ ಕಾಟಕಾಯಿ’ಯ ಕಥೆಯನ್ನು ಹೇಳುತ್ತಾರೆ. ಇತಿಹಾಸದ ಪುಸ್ತಕಗಳಲ್ಲಿ ಇದು 1837ರ ಅಮರ ಸುಳ್ಯದ ದಂಗೆ. ಕೊಡಗಿನ ಹಾಲೇರಿ ಅರಸರು ಲಿಂಗಾಯತ ಮತಸ್ಥರು. ಅವರ ವಶದಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು 1834ರಲ್ಲಿ ಬ್ರಿಟಿಷರು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದಾಗ ರೈತರು ಸಿಡಿದೆದ್ದರು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ದಂಡು ಮಂಗಳೂರಿನವರೆಗೂ ಹೋಗಿ ಕೆಲವು ದಿನ ಊರನ್ನು ಹಿಡಿದುಕೊಂಡಿತು. ಈ ದಂಗೆಯ ಮುಂದಾಳಾಗಿ ಜನ ಒಪ್ಪಿಕೊಂಡದ್ದು ಯಾರನ್ನು? ಜಂಗಮ ವೇಷದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಬಂದ ಪುಟ್ಟಬಸಪ್ಪನನ್ನು.

ಈ ಘಟನೆಯಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಜಂಗಮನ ಕಾವಿಗೆ ಎಷ್ಟು ಮರ್ಯಾದೆ ಇತ್ತೆಂದರೆ, ಅದನ್ನು ಉಟ್ಟು ಬಂದವನ ಹಿಂದೆ ಬೇರೆ ಬೇರೆ ಜಾತಿಯ ರೈತರು ಪ್ರಾಣದ ಹಂಗು ತೊರೆದು ನಡೆದರು. ಆದರೆ ಆ ಕಾವಿಯನ್ನು ಒಬ್ಬ ಹೆಣ್ಣುಮಗಳು ಉಟ್ಟು ಬಂದಿದ್ದರೆ? ಆ ಕಾಲದಲ್ಲಿ ಇಂತಹ ಪ್ರಶ್ನೆ ಯಾರಿಗೂ ಹೊಳೆದಿರಲಾರದು. ಗುರು ಎಂದರೆ ಗಂಡಸು, ಪೀಠ ಎಂದರೆ ಗಂಡಸಿನ ಪೀಠ ಎಂಬುದು ಯಾರೂ ಬರೆಯದೆ ಇದ್ದ ಕಟ್ಟಳೆಯಾಗಿತ್ತು. ಆ ಕಟ್ಟಳೆ ಲಿಂಗಾಯತ ಸಮಾಜದಲ್ಲಿ ಮುರಿದದ್ದು 1970ರಲ್ಲಿ. ಮುರಿದವರು ಆಗ ಇಪ್ಪತ್ತನಾಲ್ಕು ವರ್ಷದ ತರುಣಿ, ಮಾತೆ ಮಹಾದೇವಿಯವರು. ಅವರ ಜೀವನವನ್ನು ತಿಳಿಯುವುದು ಈ ಲೇಖನದ ಉದ್ದೇಶ.

ಸ್ಥಾವರ ಮತ್ತು ಜಂಗಮ

ಮೊದಲಿಗೆ ಎರಡು ಪದಗಳ ಅರ್ಥವನ್ನು ತಿಳಿದುಕೊಳ್ಳುವುದು ಅವಶ್ಯಕ. ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯವನ್ನು ನೀವು ಬಲ್ಲಿರಿ. ಅಲ್ಲಿಯ ಲಿಂಗ ಒಂದೆಡೆ ನೆಲೆನಿಂತದ್ದು. ಅದರ ದರ್ಶನಕ್ಕೆ ಭಕ್ತರು ದೂರದಿಂದ ಬರುತ್ತಾರೆ. ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯಕ್ಕೂ ಜನ ಹೀಗೆಯೇ ಯಾತ್ರೆ ಬರುತ್ತಾರೆ. ಹೀಗೆ ಒಂದು ಸ್ಥಳದಲ್ಲಿ ನೆಲೆಗೊಂಡದ್ದನ್ನು ‘ಸ್ಥಾವರ’ ಎನ್ನುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಅವರ ಸಂಗಡಿಗರಾದ ಶರಣರೂ ಇದಕ್ಕಿಂತ ಬೇರೆಯಾದ ದಾರಿಯನ್ನು ತೋರಿದರು. ಭಕ್ತನು ತನ್ನ ಮೈಮೇಲೆ ಇಷ್ಟಲಿಂಗವನ್ನು ಧರಿಸಿ, ಅಂಗೈಯಲ್ಲಿಟ್ಟು ಪೂಜಿಸುವ ದಾರಿ ಅದು. ಅಲ್ಲಿ ಪೂಜಾರಿಯ ಮಧ್ಯಸ್ಥಿಕೆ ಬೇಡ. ಚಲಿಸುವುದು, ಅರಿವುಳ್ಳದ್ದು ‘ಜಂಗಮ’. ಊರೂರು ಸುತ್ತಿ ಧರ್ಮಬೋಧೆ ಮಾಡುವ ವಿರಕ್ತನಿಗೂ ಆ ಹೆಸರು ನಿಂತಿತು.

ಇಷ್ಟಲಿಂಗವನ್ನು ಧರಿಸುವ ಹಕ್ಕು ಹೆಣ್ಣಿಗೂ ಗಂಡಿಗೂ ಸಮಾನ. ಶರಣರ ಕಾಲದಲ್ಲಿ ಮಹಿಳೆಯರು ವಚನಗಳನ್ನೂ ಬರೆದರು. ಅಕ್ಕಮಹಾದೇವಿ, ನೀಲಾಂಬಿಕೆ, ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಮೊದಲಾಗಿ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ರಚನೆಗಳು ನಮಗೆ ದೊರೆತಿವೆ. ಆ ಕಾಲದ ಸಾಹಿತ್ಯದಲ್ಲಿ ಒಂದೇ ಚಳವಳಿಯಿಂದ ಇಷ್ಟು ಮಂದಿ ಬರಹಗಾರ್ತಿಯರು ಬಂದ ಉದಾಹರಣೆ ಅಪರೂಪ.

ಆದರೆ ಮುಂದಿನ ಶತಮಾನಗಳಲ್ಲಿ ಮಠಗಳು ಬೆಳೆದು, ಪರಂಪರೆಗಳು ಗಟ್ಟಿಯಾದವು. ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿ ಎಂಬ ಪಂಚಪೀಠಗಳಲ್ಲಾಗಲಿ, ವಿರಕ್ತ ಮಠಗಳಲ್ಲಾಗಲಿ ಗುರುಸ್ಥಾನ ಗಂಡಸರದೇ ಆಯಿತು. ಮಹಿಳೆಗೆ ಇಷ್ಟಲಿಂಗ ಉಳಿಯಿತು, ಪೂಜೆ ಉಳಿಯಿತು. ಬೋಧಿಸುವ ಪೀಠ ಮಾತ್ರ ದೊರೆಯಲಿಲ್ಲ. ಅಕ್ಕಮಹಾದೇವಿಯ ಭಾವಚಿತ್ರ ಗೋಡೆಯ ಮೇಲಿತ್ತು, ಆದರೆ ಅಕ್ಕನಂತೆ ಮಾತನಾಡುವ ಹೆಣ್ಣುಮಗಳಿಗೆ ಸಭೆಯಲ್ಲಿ ಎತ್ತರದ ಆಸನವಿರಲಿಲ್ಲ.

ರತ್ನ ಎಂಬ ವಿದ್ಯಾರ್ಥಿನಿ

ಮಾತೆ ಮಹಾದೇವಿಯವರು 1946ರ ಮಾರ್ಚ್ 13ರಂದು ಚಿತ್ರದುರ್ಗ ಜಿಲ್ಲೆಯ ಸಾಸಲಹಟ್ಟಿಯಲ್ಲಿ ಜನಿಸಿದರು. ತಂದೆ ಬಸಪ್ಪ, ತಾಯಿ ಗಂಗಮ್ಮ. ಮಗಳಿಗೆ ಇಟ್ಟ ಹೆಸರು ರತ್ನ. ರತ್ನ ಓದಿದ್ದು ವಿಜ್ಞಾನ. ಬಿ.ಎಸ್ಸಿ. ಪದವಿಯ ನಂತರ ಅವರು ತತ್ತ್ವಶಾಸ್ತ್ರದಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಧರ್ಮಪೀಠಕ್ಕೆ ಬರುವವರು ಬಾಲ್ಯದಿಂದಲೇ ಮಠದಲ್ಲಿ ಬೆಳೆದವರು ಎಂಬ ವಾಡಿಕೆ ಇವರ ಮಟ್ಟಿಗೆ ಸುಳ್ಳಾಯಿತು. ಇವರು ಬಂದದ್ದು ಕಾಲೇಜಿನ ತರಗತಿಯಿಂದ.

ಅವರ ಜೀವನದ ದಿಕ್ಕನ್ನು ಬದಲಿಸಿದವರು ಲಿಂಗಾನಂದ ಸ್ವಾಮಿಗಳು. ಬಸವತತ್ತ್ವದ ಪ್ರವಚನಗಳಿಗೆ ಹೆಸರಾಗಿದ್ದ ಸ್ವಾಮಿಗಳಿಂದ 1965ರಲ್ಲಿ ಅವರು ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ವಚನಗಳನ್ನು ಬರೆಯಲು ಆರಂಭಿಸಿದ್ದೂ ಆಗಲೇ. ಮರುವರ್ಷ, 1966ರಲ್ಲಿ, ಜಂಗಮ ದೀಕ್ಷೆ ದೊರೆಯಿತು. ಎಂದರೆ ಸಂಸಾರವನ್ನು ಬಿಟ್ಟು ಧರ್ಮಪ್ರಸಾರಕ್ಕೆ ಬದುಕನ್ನು ಮುಡಿಪಾಗಿಡುವ ಸಂಕಲ್ಪ. ಆಗ ಅವರಿಗೆ ಇಪ್ಪತ್ತು ವರ್ಷ. ರತ್ನ ಹೋಗಿ ಮಾತೆ ಮಹಾದೇವಿ ಎಂಬ ಹೆಸರು ಬಂತು. ಆ ಹೆಸರಿನಲ್ಲಿ ಅಕ್ಕನ ನೆನಪಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

1968ರಲ್ಲಿ ಧಾರವಾಡದಲ್ಲಿ ಜಗನ್ಮಾತಾ ಅಕ್ಕಮಹಾದೇವಿ ಆಶ್ರಮ ಆರಂಭವಾಯಿತು. ಹೆಣ್ಣುಮಕ್ಕಳಿಗಾಗಿ ಧಾರ್ಮಿಕ, ಶೈಕ್ಷಣಿಕ ಹಾಗೂ ಸಾಮಾಜಿಕ ಕಾರ್ಯ ಇದರ ಗುರಿ. 1970ರಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವನ್ನು ಏರಿದರು. ಲಿಂಗಾಯತ ಸಮಾಜದಲ್ಲಿ ಮಹಿಳೆಯೊಬ್ಬರು ಈ ಸ್ಥಾನಕ್ಕೆ ಬಂದದ್ದು ಇದೇ ಮೊದಲು.

ಇದರ ಮಹತ್ವವನ್ನು ಅರಿಯಲು ಹೊರಗಿನ ಪ್ರಪಂಚದತ್ತ ಒಮ್ಮೆ ನೋಡೋಣ. ರಾಮಕೃಷ್ಣ ಪರಂಪರೆಯಲ್ಲಿ ಸಂನ್ಯಾಸಿನಿಯರಿಗಾಗಿ ಶ್ರೀ ಶಾರದಾ ಮಠ ಸ್ಥಾಪನೆಯಾದದ್ದು 1954ರಲ್ಲಿ. ಆದರೆ ಅದು ಮಹಿಳೆಯರಿಗೇ ಮೀಸಲಾದ ಸಂಘ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚು ಮಹಿಳೆಯರಿಗೆ ಪಾದ್ರಿಯ ದೀಕ್ಷೆ ಕೊಟ್ಟದ್ದು 1994ರಲ್ಲಿ. ಅಲ್ಲಿ ಮಹಿಳೆ ಬಿಷಪ್ ಆದದ್ದು 2015ರಲ್ಲಿ. ನಮ್ಮ ಕರಾವಳಿಯಲ್ಲೂ ಸಭೆಗಳನ್ನು ಹೊಂದಿರುವ ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಮೊದಲ ಮಹಿಳಾ ಬಿಷಪ್ ಬಂದದ್ದು 2013ರಲ್ಲಿ. ಧಾರವಾಡದಲ್ಲಿ 1970ರಲ್ಲಿ ನಡೆದದ್ದು ಸಣ್ಣ ಸಂಗತಿಯಲ್ಲ ಎಂಬುದು ಈ ಇಸವಿಗಳಿಂದ ಸ್ಪಷ್ಟವಾಗುತ್ತದೆ.

ಲೇಖನಿ ಮತ್ತು ವೇದಿಕೆ

ಪೀಠ ಏರುವುದು ಒಂದು ದಿನದ ಕೆಲಸ; ಅದನ್ನು ಉಳಿಸಿಕೊಳ್ಳುವುದು ಜೀವಮಾನದ ಕೆಲಸ. ಹಳೆಯ ಮಠಗಳಿಗೆ ಭೂಮಿಯಿತ್ತು, ಪರಂಪರೆಯಿತ್ತು, ಶತಮಾನಗಳ ಶಿಷ್ಯವರ್ಗವಿತ್ತು. ಹೊಸ ಪೀಠಕ್ಕೆ ಇವು ಯಾವುವೂ ಇರಲಿಲ್ಲ. ಮಾತೆ ಮಹಾದೇವಿಯವರಿಗಿದ್ದ ಬಂಡವಾಳ ಎರಡು: ಒಂದು ಲೇಖನಿ, ಇನ್ನೊಂದು ವೇದಿಕೆ. ಅವರ ಅಧಿಕಾರ ಬಂದದ್ದು ಓದಿನಿಂದ, ಬರವಣಿಗೆಯಿಂದ, ಮಾತಿನಿಂದ ಎಂದರೆ ತಪ್ಪಾಗಲಾರದು.

ಅವರು ವಚನಗಳನ್ನು ಬರೆದರು, ‘ಹೆಪ್ಪಿಟ್ಟ ಹಾಲು’ ಎಂಬ ಕಾದಂಬರಿಯನ್ನು ಬರೆದರು, ಧರ್ಮದ ಬಗ್ಗೆ ವಿವರಣಾತ್ಮಕ ಗ್ರಂಥಗಳನ್ನು ಬರೆದರು. 1983ರ ವೇಳೆಗೆ ಅವರ ಇಪ್ಪತ್ತು ಪುಸ್ತಕಗಳು ಪ್ರಕಟವಾಗಿದ್ದವು. ಬಸವಣ್ಣನವರ ಜೀವನ ಮತ್ತು ಬೋಧನೆಗಳನ್ನು ಕುರಿತ ‘ಬಸವ ತತ್ತ್ವ ದರ್ಶನ’ ಅವುಗಳಲ್ಲಿ ಮುಖ್ಯವಾದದ್ದು. ‘ಕಲ್ಯಾಣ ಕಿರಣ’ ಎಂಬ ಪತ್ರಿಕೆಯ ಮೂಲಕವೂ ಅವರ ವಿಚಾರಗಳು ಮನೆಮನೆಗೆ ತಲುಪಿದವು.

ಲಿಂಗಾನಂದ ಸ್ವಾಮಿಗಳ ಜೊತೆಗೂಡಿ ಅವರು ತಮ್ಮ ಕಾರ್ಯವನ್ನು ಕೂಡಲಸಂಗಮಕ್ಕೂ ವಿಸ್ತರಿಸಿದರು. ಬಾಗಲಕೋಟೆ ಜಿಲ್ಲೆಯ ಈ ಕ್ಷೇತ್ರದಲ್ಲಿ ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುತ್ತವೆ. ಬಸವಣ್ಣನವರು ವಿದ್ಯೆ ಕಲಿತದ್ದೂ, ಕೊನೆಗೆ ಐಕ್ಯರಾದದ್ದೂ ಇಲ್ಲಿ ಎಂಬುದು ನಂಬಿಕೆ. ಇಲ್ಲಿ ಬಸವ ಧರ್ಮಪೀಠ ನೆಲೆಗೊಂಡಿತು. ಪ್ರತಿ ವರ್ಷ ಸಂಕ್ರಾಂತಿಯ ಸಮಯದಲ್ಲಿ ಶರಣ ಮೇಳ ನಡೆಯತೊಡಗಿತು. ಕರ್ನಾಟಕದಿಂದಷ್ಟೇ ಅಲ್ಲದೆ ಮಹಾರಾಷ್ಟ್ರ, ಆಂಧ್ರಗಳ ಕಡೆಯಿಂದಲೂ ಜನ ಬಂದು ಸೇರತೊಡಗಿದರು. 1995ರಲ್ಲಿ ಲಿಂಗಾನಂದ ಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಪೀಠದ ಸಂಪೂರ್ಣ ಹೊಣೆ ಮಾತೆಯವರ ಮೇಲೆ ಬಿತ್ತು.

ಅಂಕಿತದ ಪ್ರಶ್ನೆ

ಇಷ್ಟರವರೆಗೆ ನೋಡಿದ್ದು ಏರುಮುಖದ ಕಥೆ. ಇನ್ನು ಅವರ ಜೀವನದ ಅತ್ಯಂತ ಕಠಿಣವಾದ ಅಧ್ಯಾಯಕ್ಕೆ ಬರೋಣ. ಅವರನ್ನು ಪೀಠಕ್ಕೇರಿಸಿದ ಲೇಖನಿಯೇ ಅವರನ್ನು ವಿವಾದಕ್ಕೂ ಎಳೆಯಿತು.

ವಚನದ ಕೊನೆಯಲ್ಲಿ ಬರುವ ದೇವರ ಹೆಸರಿಗೆ ‘ಅಂಕಿತ’ ಎನ್ನುತ್ತಾರೆ. ಬಸವಣ್ಣನವರ ಅಂಕಿತ ‘ಕೂಡಲಸಂಗಮದೇವ’, ಅಲ್ಲಮಪ್ರಭುವಿನದು ‘ಗುಹೇಶ್ವರ’, ಅಕ್ಕಮಹಾದೇವಿಯದು ‘ಚೆನ್ನಮಲ್ಲಿಕಾರ್ಜುನ’. ದಾಸರ ಪದಗಳಲ್ಲೂ ಈ ಪದ್ಧತಿ ಇದೆ. ‘ಪುರಂದರ ವಿಠಲ’ ಎಂದು ಕೇಳಿದ ಕೂಡಲೇ ಅದು ಪುರಂದರದಾಸರ ರಚನೆ ಎಂದೂ, ‘ಹಯವದನ’ ಎಂದು ಕೇಳಿದರೆ ವಾದಿರಾಜರ ರಚನೆ ಎಂದೂ ನಾವು ಗುರುತಿಸುತ್ತೇವೆ. ಎಂದರೆ ಅಂಕಿತ ಎಂಬುದು ಭಕ್ತಿಯ ಮಾತೂ ಹೌದು, ಕವಿಯ ಸಹಿಯೂ ಹೌದು.

ಇತಿಹಾಸದ ವಿದ್ಯಾರ್ಥಿಗೆ ಈ ಎರಡನೆಯ ಅರ್ಥ ಬಹಳ ಮುಖ್ಯ. ವಚನಗಳು ಶತಮಾನಗಳ ಕಾಲ ತಾಳೆಗರಿಗಳಲ್ಲಿ ಚದುರಿ ಬಿದ್ದಿದ್ದವು. ಒಂದೇ ಕಟ್ಟಿನಲ್ಲಿ ಹಲವು ಶರಣರ ರಚನೆಗಳು ಬೆರೆತಿದ್ದವು. ಫ.ಗು. ಹಳಕಟ್ಟಿಯವರು ಊರೂರು ಅಲೆದು ಇವುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರ ವಚನಗಳನ್ನು ಹದಿನೈದು ಸಂಪುಟಗಳಲ್ಲಿ ಹೊರತಂದಿತು. ಯಾವ ವಚನ ಯಾರದು ಎಂದು ನಿರ್ಧರಿಸಲು ಈ ವಿದ್ವಾಂಸರಿಗೆಲ್ಲ ದೊರೆತ ಮೊದಲ ಸಾಕ್ಷ್ಯ ಅಂಕಿತವೇ.

ಮಾತೆ ಮಹಾದೇವಿಯವರು 1990ರ ದಶಕದಲ್ಲಿ ಬಸವಣ್ಣನವರ ವಚನಗಳನ್ನು ‘ಬಸವ ವಚನ ದೀಪ್ತಿ’ ಎಂಬ ಹೆಸರಿನಲ್ಲಿ ಸಂಪಾದಿಸಿದರು. ಅದರಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತದ ಬದಲು ‘ಲಿಂಗದೇವ’ ಎಂದು ಮುದ್ರಿಸಿದರು. ಅವರ ವಾದದ ತಿರುಳು ಇಷ್ಟು: ಕೂಡಲಸಂಗಮದೇವ ಎಂಬುದು ಸಂಗಮದ ದೇವಾಲಯದ ದೇವರ ಹೆಸರು, ಸ್ಥಾವರವನ್ನು ಬಿಟ್ಟು ಇಷ್ಟಲಿಂಗವನ್ನು ಕೊಟ್ಟ ಬಸವಣ್ಣನವರ ನಿರಾಕಾರ ದೇವರಿಗೆ ಲಿಂಗದೇವ ಎಂಬುದೇ ಸರಿಯಾದ ಹೆಸರು. ತತ್ತ್ವದ ದೃಷ್ಟಿಯಿಂದ ಇದು ಚರ್ಚಿಸಬಹುದಾದ ವಿಚಾರವೇ.

ಆದರೆ ನಾಡಿನ ಅನೇಕ ಮಠಾಧೀಶರು, ವಿದ್ವಾಂಸರು, ಬಸವಭಕ್ತರು ಇದನ್ನು ಒಪ್ಪಲಿಲ್ಲ. ಎಂಟುನೂರು ವರ್ಷಗಳಿಂದ ಬಂದ ಸಹಿಯನ್ನು ಅಳಿಸುವ ಅಧಿಕಾರ ಯಾರಿಗಿದೆ ಎಂದು ಅವರು ಕೇಳಿದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಲು ಆಜ್ಞೆ ಹೊರಡಿಸಿತು. ಬಸವಭಕ್ತರ ಧಾರ್ಮಿಕ ಭಾವನೆಗೆ ಧಕ್ಕೆಯಾಗುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮು ಅದಕ್ಕೆ ಆಧಾರ. ಮಾತೆಯವರು ನ್ಯಾಯಾಲಯದ ಮೆಟ್ಟಿಲೇರಿದರು. ಉಚ್ಚ ನ್ಯಾಯಾಲಯ ಸರ್ಕಾರದ ಆಜ್ಞೆಯನ್ನು ಎತ್ತಿಹಿಡಿಯಿತು. 2017ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಇಲ್ಲಿ ನಾವು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಅಂಕಿತವನ್ನು ಬದಲಿಸಿದ್ದು ಸರಿಯೇ ಎಂಬುದು ಒಂದು. ಬದಲಿಸಿದ ಪುಸ್ತಕವನ್ನು ಸರ್ಕಾರ ತಡೆಯುವುದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇತಿಹಾಸದ ವಿದ್ಯಾರ್ಥಿ ಕೊಡಬಹುದಾದ ಉತ್ತರ ಸ್ಪಷ್ಟವಾಗಿದೆ. ಧರ್ಮಗುರುವಿಗೆ ವ್ಯಾಖ್ಯಾನಿಸುವ ಹಕ್ಕಿದೆ. ಮೂಲಪಾಠವನ್ನು ಬದಲಿಸುವ ಹಕ್ಕು ಗುರುವಿಗೂ ಇಲ್ಲ, ಸಂಪಾದಕನಿಗೂ ಇಲ್ಲ. ಲಿಂಗದೇವ ಎಂಬ ಹೆಸರು ಉಚಿತವೆಂದು ತೋರಿದರೆ ಅಡಿಟಿಪ್ಪಣಿಯಲ್ಲಿ ಬರೆಯಬಹುದು, ಮುನ್ನುಡಿಯಲ್ಲಿ ವಾದಿಸಬಹುದು, ತಮ್ಮ ಸ್ವಂತ ವಚನಗಳಲ್ಲಿ ಧಾರಾಳವಾಗಿ ಬಳಸಬಹುದು. ಹಳಬರ ಸಹಿಯನ್ನು ತೆಗೆದರೆ ಮುಂದಿನ ಪೀಳಿಗೆಗೆ ಸಾಕ್ಷ್ಯವೇ ಉಳಿಯುವುದಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಕಾನೂನಿನ ದೃಷ್ಟಿಯಿಂದ ನ್ಯಾಯಾಲಯದ ತೀರ್ಪು ಅಂತಿಮ. ಆದರೆ ಪಾಠದ ತಪ್ಪನ್ನು ತಿದ್ದುವ ಉತ್ತಮ ಸಾಧನ ಇನ್ನೊಂದು ಶುದ್ಧವಾದ ಪಾಠವೇ ಎಂದು ಹೇಳುವವರೂ ಇದ್ದಾರೆ. ಕೂಡಲಸಂಗಮದೇವ ಎಂಬ ಅಂಕಿತವಿರುವ ಸಂಪುಟಗಳು ಎಲ್ಲ ಗ್ರಂಥಾಲಯಗಳಲ್ಲಿ ಇರುವಾಗ ಒಂದು ಪುಸ್ತಕ ಆ ಸಹಿಯನ್ನು ಅಳಿಸಬಲ್ಲುದೇ ಎಂಬುದು ಅವರ ಪ್ರಶ್ನೆ. ಇದಕ್ಕೆ ಉತ್ತರವೇನೆಂದು ನಿಮ್ಮ ತರಗತಿಯಲ್ಲಿ ಚರ್ಚಿಸಬಹುದು.

ಕೊನೆಯ ವರ್ಷಗಳು

ವಿವಾದದ ನಡುವೆಯೂ ಅವರ ಪ್ರಭಾವ ಕುಗ್ಗಲಿಲ್ಲ. ಲಿಂಗಾಯತವು ಸ್ವತಂತ್ರ ಧರ್ಮ, ಅದಕ್ಕೆ ಸರ್ಕಾರದ ಮಾನ್ಯತೆ ಬೇಕು ಎಂಬುದು ಅವರ ಬಹುಕಾಲದ ಬೇಡಿಕೆಯಾಗಿತ್ತು. 2017ರ ಜುಲೈನಲ್ಲಿ ಬೀದರಿನಲ್ಲಿ ಈ ಬೇಡಿಕೆಗಾಗಿ ದೊಡ್ಡ ಸಮಾವೇಶ ನಡೆದು, ಚಳವಳಿ ರಾಜ್ಯವ್ಯಾಪಿಯಾಯಿತು. ಅದರ ಮುಂಚೂಣಿಯಲ್ಲಿದ್ದವರಲ್ಲಿ ಮಾತೆಯವರೂ ಒಬ್ಬರು. ವೀರಶೈವ ಮತ್ತು ಲಿಂಗಾಯತ ಎರಡೂ ಒಂದೇ, ಒಡೆಯುವುದು ಸಲ್ಲದು ಎಂಬ ವಾದವೂ ಅಷ್ಟೇ ಬಲವಾಗಿ ಕೇಳಿಬಂತು. ನ್ಯಾಯಮೂರ್ತಿ ನಾಗಮೋಹನ್ ದಾಸ್ ಸಮಿತಿಯ ವರದಿಯ ಆಧಾರದ ಮೇಲೆ 2018ರ ಮಾರ್ಚ್‌ನಲ್ಲಿ ರಾಜ್ಯ ಸಚಿವ ಸಂಪುಟ ಮಾನ್ಯತೆಗೆ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ.

2019ರ ಮಾರ್ಚ್ 14ರಂದು, ಎಪ್ಪತ್ತಮೂರನೆಯ ಹುಟ್ಟುಹಬ್ಬದ ಮರುದಿನ, ಮಾತೆ ಮಹಾದೇವಿಯವರು ಬೆಂಗಳೂರಿನಲ್ಲಿ ಲಿಂಗೈಕ್ಯರಾದರು. ಅವರ ಅಂತ್ಯಕ್ರಿಯೆ ಕೂಡಲಸಂಗಮದಲ್ಲಿ ನಡೆಯಿತು. ಯಾವ ಕ್ಷೇತ್ರದ ಹೆಸರನ್ನು ವಚನಗಳ ಅಂಕಿತದಿಂದ ಅವರು ತೆಗೆದಿದ್ದರೋ ಅದೇ ಕ್ಷೇತ್ರದ ಮಣ್ಣು ಅವರನ್ನು ಸೇರಿಸಿಕೊಂಡಿತು. ಅವರ ನಂತರ ಪೀಠಕ್ಕೆ ಬಂದವರು ಮಾತೆ ಗಂಗಾದೇವಿಯವರು.

ಈ ಕೊನೆಯ ಸಂಗತಿಯನ್ನು ನಾವು ಸುಮ್ಮನೆ ದಾಟಿ ಹೋಗಬಾರದು. ಒಬ್ಬ ಮಹಿಳೆ ಪೀಠವೇರಿದರೆ ಜನ ಅದನ್ನು ಅಪವಾದ ಎನ್ನುತ್ತಾರೆ. ‘ಅವರೇನೋ ಅಸಾಮಾನ್ಯರು, ಎಲ್ಲರಿಗೂ ಅದು ಆಗುವುದಿಲ್ಲ’ ಎಂದು ಹೇಳಿ ಬಾಗಿಲನ್ನು ಮತ್ತೆ ಮುಚ್ಚುತ್ತಾರೆ. ಅಕ್ಕಮಹಾದೇವಿಯ ನಂತರ ಆದದ್ದು ಹೆಚ್ಚುಕಡಿಮೆ ಇದೇ. ಆದರೆ ಅದೇ ಪೀಠಕ್ಕೆ ಎರಡನೆಯ ಮಹಿಳೆ ಬಂದಾಗ ಅಪವಾದ ಹೋಗಿ ಪರಂಪರೆ ಆರಂಭವಾಗುತ್ತದೆ. ಮಾತೆ ಮಹಾದೇವಿಯವರ ಐವತ್ತು ವರ್ಷಗಳ ದುಡಿಮೆಯ ಅತಿ ದೊಡ್ಡ ಫಲ ಇದೇ ಇರಬಹುದು.

ಮಹನೀಯರ ಜೀವನಚರಿತ್ರೆಯನ್ನು ಓದುವಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತೇವೆ: ಒಂದೋ ಸಂಪೂರ್ಣ ಹೊಗಳುತ್ತೇವೆ, ಇಲ್ಲವೇ ಸಂಪೂರ್ಣ ತೆಗಳುತ್ತೇವೆ. ಇತಿಹಾಸದ ಅಧ್ಯಯನ ಕಲಿಸುವುದು ಈ ಎರಡನ್ನೂ ಅಲ್ಲ. ಅವರು ತೆರೆದ ಬಾಗಿಲು ನಿಜ. ಅವರು ಮಾಡಿದ ಪಾಠಾಂತರ ತಪ್ಪೆಂದು ಹೇಳುವುದಕ್ಕೆ ಕಾರಣಗಳಿರುವುದೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ. ಗಂಡಸರಾದ ಗುರುಗಳು ಎಷ್ಟೋ ತಪ್ಪುಗಳನ್ನು ಮಾಡಿದ್ದಾರೆ. ಅದರಿಂದ ಗಂಡಸರಿಗೆ ಪೀಠ ಬೇಡ ಎಂದು ಯಾರೂ ಹೇಳಿದ್ದಿಲ್ಲ. ಮಹಿಳೆಯ ತಪ್ಪನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯ.

1837ರಲ್ಲಿ ಸುಳ್ಯದ ರೈತರು ಜಂಗಮ ವೇಷವನ್ನು ಕಂಡು ನಡೆದರು, ವೇಷದೊಳಗೆ ಇದ್ದವನು ಯಾರು ಎಂದು ಹೆಚ್ಚು ವಿಚಾರಿಸಲಿಲ್ಲ. ಇಂದು ಪುತ್ತೂರು, ಸುಳ್ಯ, ಕಡಬದ ಶಾಲೆ ಕಾಲೇಜುಗಳಲ್ಲಿ ಓದುವ ಹೆಣ್ಣುಮಕ್ಕಳು, ಗಂಡುಮಕ್ಕಳು ಅಷ್ಟಕ್ಕೆ ನಿಲ್ಲಬೇಕಾಗಿಲ್ಲ. ಮುಂದಿನ ಸಲ ಗ್ರಂಥಾಲಯಕ್ಕೆ ಹೋದಾಗ ಬಸವಣ್ಣನವರ ವಚನ ಸಂಪುಟವನ್ನು ತೆರೆಯಿರಿ. ಪ್ರತಿ ವಚನದ ಕೊನೆಯ ಪದದ ಮೇಲೆ ಕಣ್ಣು ಹಾಯಿಸಿ, ಆ ಸಹಿ ನಿಮ್ಮ ಕೈಗೆ ಹೇಗೆ ತಲುಪಿತು ಎಂದು ಕೇಳಿಕೊಳ್ಳಿ. ಆಮೇಲೆ ಪಕ್ಕದ ಕಪಾಟಿನಲ್ಲಿ ವಚನಕಾರ್ತಿಯರ ಸಂಪುಟ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ತರಿಸಿಕೊಡುವಂತೆ ಗ್ರಂಥಪಾಲಕರನ್ನು ಕೇಳಿ.